ಮಾಳಿಗೆಯ ಬಿಸಿಲು, ಇರುಳಿನ ದೀಪ

2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತವು ಚೆನ್ನೈಯ ಮರಗಳನ್ನೂ ವಿದ್ಯುತ್ ಕಂಬಗಳನ್ನೂ ನೆಲಕ್ಕುರುಳಿಸಿ ಹೋದುದನ್ನು ಕಂಡ ಇಲ್ಲಿಯ ಕನ್ನಡ ಬಂಧುಗಳಿಗೆ, ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಕಿಸುವ ಮುನ್ನ ಒಂದು ಕಿವಿಮಾತು. ಬ್ಯಾಟರಿಯಿಲ್ಲದ ಸಾಮಾನ್ಯ ಸೌರವ್ಯವಸ್ಥೆಯು, ಲೈನಿನ ಮೇಲೆ ದುಡಿಯುವವನ ಪ್ರಾಣರಕ್ಷಣಾರ್ಥವಾಗಿ, ಬೀದಿಯ ಕರೆಂಟು ಹೋದೊಡನೆ ತಾನೂ ಸ್ಥಗಿತವಾಗುವುದು; ಸೂರ್ಯನು ನೆತ್ತಿಯ ಮೇಲಿದ್ದರೂ ಫ್ಯಾನು ತಿರುಗದು! ಆದಕಾರಣ ಮಾರಲು ಬಂದವನಲ್ಲಿ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ಕರೆಂಟು ಹೋದಾಗ ಯಾವ ದೀಪ ಉರಿಯುವುದು, ನೀರಿನ ಮೋಟಾರು ಓಡುವುದೋ ಇಲ್ಲವೋ, ಬ್ಯಾಟರಿ ಇಳಿಯುತ್ತ ಬಂದಂತೆ ಯಾವುದು ಮೊದಲು ಆರುವುದು ಎಂಬುದನ್ನು ಕೇಳಿ, ಬರೆಯಿಸಿಕೊಳ್ಳಿರಿ.

ಒಂದು ಕಿಲೋವ್ಯಾಟಿನ ಫಲಕಗಳು ಒಳ್ಳೆಯ ಬಿಸಿಲಿನ ದಿನ ಸುಮಾರು ನಾಲ್ಕು ಯೂನಿಟ್ ಕೊಡುವುವು. ಐದು ಯೂನಿಟ್ ಹಿಡಿಯುವ ಬ್ಯಾಟರಿಯಾದರೂ ಒಂದೂವರೆ ಟನ್ನಿನ ಏಸಿಯನ್ನು ಎಡೆಬಿಡದೆ ನಡೆಸಿದರೆ ಮೂರು-ನಾಲ್ಕು ಗಂಟೆಗಳಲ್ಲಿ ಬರಿದಾಗುವುದು. ಇಡೀ ರಾತ್ರಿ ಏಸಿ ನಡೆಯುತ್ತದೆಂದು ಅಷ್ಟರಲ್ಲೇ ಆಣೆಯಿಡುವವನನ್ನು ಬಾಗಿಲಿನಿಂದಲೇ ಕಳುಹಿಸಬಹುದು. ಕೇಂದ್ರ ಸರಕಾರದ 2024ರ ಸೂರ್ಯ ಘರ್ ಯೋಜನೆಯಲ್ಲಿ ದೊರೆಯುವ ಗರಿಷ್ಠ 78,000 ರೂಪಾಯಿಯ ಸಹಾಯಧನವೂ ಫಲಕಗಳ ಸಾಮರ್ಥ್ಯವನ್ನು ನೋಡಿಯೇ ಹೊರತು ಬ್ಯಾಟರಿಯನ್ನು ನೋಡಿಯಲ್ಲ. ಬೆಸೆಂಟ್ ನಗರದ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಚೌಕಟ್ಟಿಗೆ ಸತುವಿನ ಲೇಪವಿದೆಯೇ ಎಂದು ವಿಚಾರಿಸಿ ನೋಡಿರಿ.

ವೇಳಚ್ಚೇರಿಯಂತಹ ತಗ್ಗಿನಲ್ಲಿ ಮನೆಯಿದ್ದರೆ ಬ್ಯಾಟರಿಯನ್ನು ಮೆಟ್ಟಿಲ ಕೆಳಗೆ ಇರಿಸಗೊಡಬೇಡಿರಿ. 2015ರಲ್ಲಿಯೂ 2023ರಲ್ಲಿಯೂ ಅಲ್ಲಿ ನೀರು ಮನೆಯೊಳಕ್ಕೆ ನುಗ್ಗಿತ್ತು.