ಹಿಂಜರಿಕೆಗೆ ವಿಯೆಟ್ನಾಮಿ ಪದಗಳು: ಒಂದು ಪಾಠಾನುಭವ

ಎಂಟನೇ ತರಗತಿಯ ಬದಲಿ ಅವಧಿಯಲ್ಲಿ ಮೂರು ವಿಯೆಟ್ನಾಮಿ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ.

1. ‘ಲುವಂಗ್ ಲು’: ಯಾವುದೆಂದು ತೀರ್ಮಾನಿಸಲಾಗದೆ ನಿಲ್ಲುವುದು. ‘ಲುವಂಗ್’ ಎಂದರೆ ಎರಡು. ನಮ್ಮ ‘ಎರಡು ಮನಸ್ಸು’ ಇದ್ದಂತೆ.

2. ‘ಙನ್ ಙಾಯ್’: ಸಂಕೋಚದಿಂದ ಹಿಂಜರಿಯುವುದು. ನಾವು ವರ್ಣಮಾಲೆಯಲ್ಲಿ ಕಲಿತು ಮರೆಯುವ ‘ಙ’ ಅಲ್ಲಿ ಪದದ ಮೊದಲಲ್ಲೇ ಬರುತ್ತದೆ.

3. ‘ಚಿ ಹ್ವಾನ್’: ಮಾಡಬೇಕಾದ ಕೆಲಸವನ್ನು ಮುಂದೂಡುವುದು. ಇಂಥವರ ಬಗ್ಗೆ ಅಲ್ಲಿನ ಗಾದೆ: ನೀರು ಕಾಲಿಗೆ ಬಂದಾಗಲೇ ಜಿಗಿಯುವುದು.

ಮೌಲ್ಯಮಾಪನ: ‘ಉತ್ತರ ಗೊತ್ತಿದ್ದೂ ಕೈ ಎತ್ತದಿರುವುದು ಇವುಗಳಲ್ಲಿ ಯಾವುದು?’ ಎಂದು ಕೇಳಿದೆ. ಸದಾ ಸುಮ್ಮನಿರುವ ಕೊನೆ ಬೆಂಚಿನ ಹುಡುಗಿ ಮೆಲ್ಲಗೆ, ‘ಎರಡನೆಯದು ಮಿಸ್’ ಎಂದಳು.

ಅವಲೋಕನ: ನನ್ನ ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಸೋಮಾರಿ’ ಎಂದು ಬರೆದಿದ್ದೆ. ಎರಡನೆಯ ಪದದವಳನ್ನು ಮೂರನೆಯದಕ್ಕೆ ಸೇರಿಸಿದ್ದೆ. ಅಂದೇ ತಿದ್ದಿದೆ.