ಚಳಿ ರಾತ್ರಿಗೆ ಹಳೆ ಸೀರೆ, ತೊಗರಿ ಕಟ್ಟಿಗೆ: ಹಿತ್ತಲ ಗಿಡಗಳ ರಕ್ಷಣೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹಿಮ ಬೀಳುವುದಿಲ್ಲ. ಅಷ್ಟರಿಂದಲೇ ನಮ್ಮ ಹಿತ್ತಲಿನ ಎಲೆಬಳ್ಳಿ, ಪಪ್ಪಾಯಿ, ಬಾಳೆ, ಮೆಣಸಿನ ಅಗಿಗಳಿಗೆ ಚಳಿಯ ಭಯವಿಲ್ಲ ಎಂದು ತಿಳಿಯಬಾರದು. ಕಲಬುರಗಿ ಜಿಲ್ಲೆಯಲ್ಲಿ ಡಿಸೆಂಬರ್ ತಿಂಗಳ ರಾತ್ರಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಉತ್ತರದ ಒಣ ಥಂಡಿ ಇಳಿದು ಬಂದ ವರ್ಷ ಕೆಲವು ರಾತ್ರಿಗಳಲ್ಲಿ ಅದು 10 ಡಿಗ್ರಿಗಿಂತಲೂ ಕೆಳಗೆ ಹೋಗುತ್ತದೆ. ಬೀದರ್, ವಿಜಯಪುರದ ಜೊತೆ ಕಲಬುರಗಿಗೂ ಶೀತಗಾಳಿಯ ಎಚ್ಚರಿಕೆ ಬರುವುದನ್ನು ಇತ್ತೀಚಿನ ವರ್ಷಗಳಲ್ಲಿ ನೀವೂ ಕೇಳಿದ್ದೀರಿ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಕುಸಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಕರೆಯುತ್ತದೆ.

ಬಿಸಿಲು ನಾಡಿನ ಗಿಡಗಳು ಕೆಡಲು ಮಂಜುಗಡ್ಡೆಯೇ ಬೇಕಿಲ್ಲ. ಉಷ್ಣಾಂಶ 10-12 ಡಿಗ್ರಿಗೆ ಇಳಿದು ಒಂದೆರಡು ರಾತ್ರಿ ಅಲ್ಲೇ ನಿಂತರೂ ಸಾಕು, ಬೇರು ನೀರೆಳೆಯುವುದನ್ನು ನಿಧಾನ ಮಾಡುತ್ತದೆ. ಮಣ್ಣಿನಲ್ಲಿ ತೇವವಿದ್ದರೂ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಎಲೆ ಜೋತು ಬಿದ್ದಿರುತ್ತದೆ. ಇದನ್ನು ಕಂಡು ನೀರು ಸಾಲಲಿಲ್ಲವೆಂದು ಮತ್ತೆ ಮತ್ತೆ ನೀರು ಹಾಕುವವರು ಬಹಳ. ಹಾಗೆ ಮಾಡಿದರೆ ಬೇರು ಕೊಳೆಯುತ್ತದೆ, ಚಳಿ ಬಿಟ್ಟ ಗಿಡವನ್ನು ನೀರೇ ಕೊಲ್ಲುತ್ತದೆ.

ಯಾವ ಗಿಡವನ್ನು ಕಾಯಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಎಲ್ಲವನ್ನೂ ಹೊದಿಸಲು ಹೋದವರು ನಾಲ್ಕನೆಯ ದಿನ ಬೇಸತ್ತು ಎಲ್ಲವನ್ನೂ ಬಿಡುತ್ತಾರೆ. ಹೊಲದ ಜೋಳ, ಕಡಲೆ, ಕುಸುಬಿ, ಗೋಧಿಗೆ ಚಳಿ ಬೇಕೇ ಬೇಕು. ಮಾವು ಹೂ ಬಿಡುವುದಕ್ಕೂ ಅದು ಒಳ್ಳೆಯದೇ. ಹಿತ್ತಲಿನ ಗುಲಾಬಿ, ಮೆಂತ್ಯ, ಕೊತ್ತಂಬರಿ, ಮೂಲಂಗಿಗಳ ಚಿಂತೆ ಬೇಡ. ಆಸರೆ ಬೇಕಾದದ್ದು ಒಂದು ವರ್ಷ ತುಂಬದ ಪಪ್ಪಾಯಿ, ಬಾಳೆ ಮತ್ತು ಮಾವಿನ ಸಸಿಗಳಿಗೆ, ಎಲೆಬಳ್ಳಿಗೆ, ಈಚೆಗೆ ನೆಟ್ಟ ಕರಿಬೇವು ಮತ್ತು ಮಲ್ಲಿಗೆಗೆ, ಕುಂಡದ ತುಳಸಿಗೆ. ಬೇಸಿಗೆ ಬೆಳೆಗೆಂದು ಹಾಕಿದ ಟೊಮೆಟೊ, ಮೆಣಸಿನಕಾಯಿ, ಬದನೆ ಮಡಿಗಳಿಗೆ ಎಲ್ಲಕ್ಕಿಂತ ಹೆಚ್ಚು.

ನಮ್ಮ ಭಾಗದ ತೊಂದರೆಯೇ ಬೇರೆ. ಚಳಿ ಬಲಿಯುವ ವಾರಗಳು ಮತ್ತು ತೊಗರಿ ರಾಶಿಯ ವಾರಗಳು ಒಂದೇ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಿ ಬರುವ ಹೊತ್ತಿಗೆ ಪಡಸಾಲೆಯಲ್ಲಿ ತೊಗರಿ ಚೀಲಗಳು ಜಂತಿ ಮುಟ್ಟುತ್ತಿರುತ್ತವೆ. ತಾಡಪತ್ರಿ, ಜರಡಿ, ಪಂಪಿನ ಪೈಪು, ಖಾಲಿ ಚೀಲದ ಗಂಟು, ಕಳೆದ ವರ್ಷದ ಔಷಧಿ ಡಬ್ಬಿ ಎಲ್ಲವೂ ಮನೆಯೊಳಗೇ ಇರುತ್ತವೆ. ಕುಂಡಗಳನ್ನು ರಾತ್ರಿ ಒಳಗೆ ತಂದಿಡಿ ಎಂಬ ಪಟ್ಟಣದ ಸಲಹೆ ಇಲ್ಲಿ ನಡೆಯದು. ಮನುಷ್ಯರು ಮಲಗಲಿಕ್ಕೇ ಜಾಗ ಹುಡುಕುವ ದಿನಗಳವು. ಗಿಡ ಇದ್ದಲ್ಲೇ ಇರಬೇಕು, ಹೊದಿಕೆ ಅದರ ಬಳಿಗೆ ಹೋಗಬೇಕು. ಆ ಹೊದಿಕೆ ಮನೆ ತುಂಬಿರುವ ಹಳೆ ಸಾಮಾನಿನಲ್ಲೇ ಇದೆ.

ಈ ಸಾಮಾನನ್ನು ಬೇರ್ಪಡಿಸಲು ಸರಿಯಾದ ಹೊತ್ತು ದಸರೆಯ ಮುಂಚೆ. ಘಟಸ್ಥಾಪನೆಗೆ ಮೊದಲು ಮನೆ ಸಾರಿಸಿ, ಕೌದಿಗಳನ್ನು ಹಳ್ಳಕ್ಕೆ ಒಯ್ದು ಒಗೆಯುವ ರೂಢಿ ನಮ್ಮಲ್ಲಿ ಈಗಲೂ ಇದೆ. ಅಟ್ಟ, ಮಾಳಿಗೆ, ಕೊಟ್ಟಿಗೆಯ ಮೂಲೆಗಳಲ್ಲಿ ಕೂತದ್ದೆಲ್ಲ ಆಗ ಹೇಗೂ ಅಂಗಳಕ್ಕೆ ಬರುತ್ತದೆ. ಹೊಲಿಗೆ ಬಿಟ್ಟ ಕೌದಿ, ಹಳೆ ಹತ್ತಿ ಸೀರೆ ಮತ್ತು ಧೋತರ, ಸೆಣಬಿನ ಗೋಣಿ, ಹರಿದ ಸೊಳ್ಳೆ ಪರದೆ, ತೊಳೆದ ಯೂರಿಯಾ ಚೀಲ, ತಳ ಬಿದ್ದ ಬಿದಿರಿನ ಬುಟ್ಟಿ, ನೂಲು ಹರಿದ ಹೊರಸಿನ ಚೌಕಟ್ಟು, ಸೋರದ ಹಳೆ ಕೊಡ, ಇವಿಷ್ಟನ್ನು ಎತ್ತಿಡಿ. ಬಟ್ಟೆ, ಚೀಲಗಳನ್ನು ಒಗೆದು ಒಣಗಿಸಿ ಒಂದೇ ಒಂದು ದೊಡ್ಡ ಚೀಲದಲ್ಲಿ ತುಂಬಿ ಗೂಟಕ್ಕೆ ನೇತುಹಾಕಿ. ಆ ಚೀಲಕ್ಕೆ ಹಿಡಿಯದೆ ಉಳಿದದ್ದನ್ನು ಗುಜರಿಯವನಿಗೆ ಕೊಟ್ಟುಬಿಡಿ. ಮುಂದೆಂದೋ ಬೇಕಾದೀತೆಂದು ಹಿತ್ತಲಿನಲ್ಲಿ ಗುಡ್ಡೆ ಹಾಕಿದರೆ ಅಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ಚೇಳಿಗಂತೂ ಅದು ಬಹಳ ಮೆಚ್ಚಿನ ಜಾಗ. ಕತ್ತಲಲ್ಲಿ ಅಂಥ ಗುಡ್ಡೆಗೆ ಕೈ ಹಾಕುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ. ಈ ಮಾತನ್ನು ಗಂಡಸರು ಮನಸ್ಸಿಗೆ ತಂದುಕೊಳ್ಳಬೇಕು.

ಔಷಧಿ ಡಬ್ಬಿಗಳ ವಿಷಯದಲ್ಲಿ ಸಡಿಲಿಕೆಯೇ ಬೇಡ. ಕೀಟನಾಶಕದ ಖಾಲಿ ಡಬ್ಬಿಯನ್ನು ಕುಂಡ ಮಾಡುವುದಾಗಲಿ, ನೀರು ತುಂಬಿಡುವುದಾಗಲಿ ಕೂಡದು. ಸಿಂಪರಣೆ ಮುಗಿದಾಗಲೇ ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು, ತಳಕ್ಕೆ ತೂತು ಹೊಡೆದುಬಿಡಿ.

ಇನ್ನು ಹೊದಿಸುವ ಬಗೆ. ಹಗಲು ಮಣ್ಣು ಬಿಸಿಲಿನ ಕಾವನ್ನು ಹೀರಿಕೊಂಡಿರುತ್ತದೆ. ಮೋಡವಿಲ್ಲದ, ಗಾಳಿ ನಿಂತ ರಾತ್ರಿ ಆ ಕಾವು ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಎಲೆಯೂ ತನ್ನ ಕಾವನ್ನು ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಹೆಚ್ಚೇ ತಣ್ಣಗಾಗುತ್ತದೆ. ಸೂರ್ಯ ಹುಟ್ಟುವ ಹೊತ್ತಿನದೇ ಎಲ್ಲಕ್ಕಿಂತ ಕೆಟ್ಟ ಚಳಿ. ಮಣ್ಣಿನ ಕಾವು ಗಿಡದ ಸುತ್ತಲೇ ನಿಲ್ಲುವಂತೆ ಮಾಡುವುದಷ್ಟೇ ಹೊದಿಕೆಯ ಕೆಲಸ. ಆದ್ದರಿಂದ ಹೊದಿಕೆಯ ಅಂಚು ನೆಲ ಮುಟ್ಟಲೇಬೇಕು. ಗಿಡದ ತಲೆಗೆ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಕಟ್ಟಿದರೆ ಕೆಳಗಿನ ಕಾವು ಒಳಗೆ ಬರದು, ಅದು ಕೆಲಸಕ್ಕೆ ಬಾರದ ಶ್ರಮ.

ಗಿಡದ ಸುತ್ತ ಮೂರೋ ನಾಲ್ಕೋ ತೊಗರಿ ಕಟ್ಟಿಗೆ ನೆಟ್ಟು, ತುದಿಗಳನ್ನು ಕೂಡಿಸಿ ಕಟ್ಟಿ. ಹೊಸ ರಾಶಿಯ ಕಟ್ಟಿಗೆ ಬರುವವರೆಗೆ ಒಲೆಗೆಂದು ಇಟ್ಟ ಹಳೆಯದರಲ್ಲೇ ಒಂದು ಹೊರೆ ತೆಗೆದಿಟ್ಟುಕೊಂಡರೆ ಆಯಿತು. ಮೇಲೆ ಸೀರೆಯನ್ನೋ ಗೋಣಿಯನ್ನೋ ಇಳಿಬಿಟ್ಟು ಅಂಚಿಗೆ ಕಲ್ಲು ಹೇರಿ. ಬಟ್ಟೆ ಎಲೆಗೆ ತಾಕದಂತೆ ನೋಡಿಕೊಳ್ಳಿ, ತಾಕಿದಲ್ಲಿ ಚಳಿ ಒಳಗಿಳಿಯುತ್ತದೆ. ಪ್ಲಾಸ್ಟಿಕ್ ಹಾಳೆಯಾದರೆ ಈ ಎಚ್ಚರ ಇನ್ನೂ ಹೆಚ್ಚು. ಹಾಳೆಯೇ ಬಳಸುವುದಾದರೆ ಒಳಗೊಂದು ಸೀರೆ ಇರಲಿ, ಹೊರಗೆ ಹಾಳೆ ಬರಲಿ. ಸಂಜೆ ಹೊತ್ತು ಮುಳುಗುವ ಮುಂಚೆ ಹೊದಿಸಬೇಕು, ಕತ್ತಲಾದ ಮೇಲೆ ಹೊದಿಸಿದರೆ ಕಾವು ಆಗಲೇ ಹೋಗಿರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ, ಸುಮಾರು 8-9 ಗಂಟೆಗೆ ತೆಗೆಯಬೇಕು. ನಮ್ಮಲ್ಲಿ ಚಳಿಗಾಲದ ಮಧ್ಯಾಹ್ನದ ಬಿಸಿಲೂ 28-30 ಡಿಗ್ರಿ ಮುಟ್ಟುತ್ತದೆ. ರಾತ್ರಿ ಕಾಯ್ದ ಪ್ಲಾಸ್ಟಿಕ್ ಹಾಳೆ ಆ ಬಿಸಿಲಿನಲ್ಲಿ ಗಿಡವನ್ನು ಬೇಯಿಸಿಬಿಡುತ್ತದೆ.

ರಾಶಿಯ ದಿನಗಳಲ್ಲಿ ದಿನಕ್ಕೆರಡು ಸಲ ಹೀಗೆ ಓಡಾಡಲು ಆಗದವರಿಗೆ ಗುಡಿಸಲು ಪದ್ಧತಿಯೇ ಲೇಸು. ಪಪ್ಪಾಯಿ, ಮಾವಿನ ಎಳೆ ಸಸಿಗಳ ಮೂರು ಬದಿಗೆ ಜೋಳದ ಕಣಕಿಯಿಂದ ಅಥವಾ ಕಬ್ಬಿನ ರವದಿಯಿಂದ ತಡಿಕೆ ಕಟ್ಟಿ, ಮೇಲೂ ಮುಚ್ಚಿ, ಆಗ್ನೇಯ ದಿಕ್ಕನ್ನು ಮಾತ್ರ ತೆರೆದಿಡಿ. ಬೆಳಗಿನ ಎಳೆ ಬಿಸಿಲು ಮೊದಲು ಅಲ್ಲಿಂದಲೇ ಒಳಗೆ ಬರುತ್ತದೆ. ಒಮ್ಮೆ ಕಟ್ಟಿದರೆ ಫೆಬ್ರುವರಿ ತನಕ ಮುಟ್ಟಬೇಕಿಲ್ಲ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಸುತ್ತ ಆಗ ಕಬ್ಬು ಕಟಾವು ನಡೆದಿರುತ್ತದೆ, ರವದಿಗೆ ಬರವಿಲ್ಲ. ಅದನ್ನು ಹೊಲದಲ್ಲೇ ಸುಡುವ ಬದಲು ಒಂದು ಬಂಡಿ ಮನೆಗೆ ತನ್ನಿ.

ಕುಂಡಗಳಿಗೆ ನಮ್ಮ ಕಲ್ಲಿನ ಮನೆಗಳೇ ದೊಡ್ಡ ಆಸ್ತಿ. ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಕಲ್ಲಿನ ಗೋಡೆ ಹಗಲೆಲ್ಲ ಕಾದು, ರಾತ್ರಿ ಬಹಳ ಹೊತ್ತು ಕಾವು ಬಿಡುತ್ತಿರುತ್ತದೆ. ಎಲ್ಲ ಕುಂಡಗಳನ್ನು ಆ ಗೋಡೆಯ ಬುಡಕ್ಕೆ ಒತ್ತೊತ್ತಾಗಿ ಜೋಡಿಸಿ, ಕುಂಡಗಳಿಗೂ ಗೋಣಿ ಸುತ್ತಿ. ಗೋಡೆಗೆ ಹೊರಸಿನ ಚೌಕಟ್ಟನ್ನು ಓರೆಯಾಗಿ ಆನಿಸಿ ಮೇಲೆ ಕೌದಿ ಹಾಕಿದರೆ ಹತ್ತಾರು ಕುಂಡಗಳಿಗೆ ಒಂದೇ ಸೂರು. ಒಳಗೆ ನೀರು ತುಂಬಿದ ಹಳೆ ಕೊಡಗಳನ್ನು ಇಡಿ. ನೀರು ಹಗಲು ಹೀರಿದ ಕಾವನ್ನು ರಾತ್ರಿ ನಿಧಾನವಾಗಿ ಬಿಡುತ್ತದೆ. ಕೊಡದ ಬಾಯಿ ಮಾತ್ರ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿರಲಿ. ಡೆಂಗಿ ಹರಡುವ ಸೊಳ್ಳೆ ಇಂಥ ನೀರಿನಲ್ಲೇ ಮೊಟ್ಟೆ ಇಡುತ್ತದೆ.

ಜಾಗ ನೋಡುವಾಗ ತಗ್ಗನ್ನು ಬಿಟ್ಟುಬಿಡಿ. ತಣ್ಣನೆ ಗಾಳಿ ಭಾರ, ಅದು ನೀರಿನಂತೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಒಂದೇ ಊರಿನಲ್ಲಿ ದಿಬ್ಬದ ಮೇಲಿನ ಹಿತ್ತಲು ಹಸಿರಾಗಿದ್ದು, ಹಳ್ಳದ ದಂಡೆಯ ತೋಟ ಕಂದುಬಣ್ಣಕ್ಕೆ ತಿರುಗುವುದಕ್ಕೆ ಇದೇ ಕಾರಣ. ಸಸಿಮಡಿಯನ್ನು ಎತ್ತರದ ಜಾಗದಲ್ಲಿ ಹಾಕುವುದು ಅರ್ಧ ರಕ್ಷಣೆ.

ನೀರು ಕೊಡುವುದರಲ್ಲೂ ಲೆಕ್ಕವಿದೆ. ಒಣಗಿ ಬಿರುಕು ಬಿಟ್ಟ ಎರೆಮಣ್ಣು ಕಾವನ್ನು ಹಿಡಿದಿಡುವುದಿಲ್ಲ, ಹದವಾಗಿ ತೇವವಿರುವ ಮಣ್ಣು ಹಿಡಿದಿಡುತ್ತದೆ. ಬುಡದ ಬಿರುಕುಗಳನ್ನು ಮಣ್ಣಿನಿಂದ ಮುಚ್ಚಿ, ಚಳಿ ಮುನ್ಸೂಚನೆ ಇದ್ದ ದಿನ ಮಧ್ಯಾಹ್ನದ ಮೇಲೆ ಹಗುರವಾಗಿ ನೀರು ಹಾಯಿಸಿ. ಕೊಳವೆಬಾವಿಯಿಂದ ಆಗಷ್ಟೇ ಎತ್ತಿದ ಬೆಚ್ಚನೆಯ ನೀರಾದರೆ ಬಹಳ ಒಳ್ಳೆಯದು. ಎಲೆಯ ಮೇಲೆ ನೀರು ಬೀಳಬಾರದು, ಅದು ಆರುವಾಗ ಎಲೆ ಮತ್ತಷ್ಟು ತಣ್ಣಗಾಗುತ್ತದೆ. ಬುಡಕ್ಕೆ ದಪ್ಪಗೆ ರವದಿ ಹಾಸುವುದು ಬೇರಿಗೆ ಒಳ್ಳೆಯದಾದರೂ ಮಣ್ಣಿನ ಕಾವು ಮೇಲಿನ ಎಲೆಗೆ ಬರದಂತೆ ತಡೆಯುತ್ತದೆ. ಆದ್ದರಿಂದ ತೀರ ಎಳೆಯ ಸಸಿಗಳ ಬುಡದಿಂದ ಆ ನಾಲ್ಕಾರು ದಿನ ಅದನ್ನು ತುಸು ಸರಿಸಿಡಿ.

ಸಸಿಮಡಿಗೆ ಬಿದಿರಿನ ಸೀಳುಗಳನ್ನು ಕಮಾನಿನಂತೆ ಬಾಗಿಸಿ ನೆಟ್ಟು, ಸೊಳ್ಳೆ ಪರದೆಯನ್ನೂ ಅದರ ಮೇಲೆ ಸೀರೆಯನ್ನೂ ಹೊದಿಸಿ. ಹಗಲು ಸೀರೆ ತೆಗೆದು ಪರದೆಯನ್ನು ಹಾಗೇ ಬಿಟ್ಟರೆ ಮುಟುರು ರೋಗ ತರುವ ಹುಳಗಳಿಗೂ ಅಷ್ಟಿಷ್ಟು ತಡೆಯಾಗುತ್ತದೆ, ಹರಿದ ಜಾಗಕ್ಕೆ ಹೊಲಿಗೆ ಹಾಕಿಕೊಳ್ಳಿ. ಮುಚ್ಚಿದ ಮಡಿಯಲ್ಲಿ ತೇವ ಹೆಚ್ಚಾದರೆ ಸಸಿಗಳು ಬುಡ ಕೊಳೆತು ಮಲಗುತ್ತವೆ. ಹಾಗೆ ಕಂಡರೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಮಡಿ ನೆನೆಯುವಂತೆ ಸುರಿಯಿರಿ.

ಭೀಮಾ ದಂಡೆಯ ಬಾಳೆ ತೋಟದವರು ಚಳಿ ಮುಗಿಯುವವರೆಗೆ ಹಸಿರಿರುವ ಎಲೆಗಳನ್ನು ಕೊಯ್ಯಬೇಡಿ. ಜೋತುಬಿದ್ದ ಒಣ ಎಲೆಗಳೂ ದಿಂಡಿಗೆ ಹೊದಿಕೆಯಾಗುತ್ತವೆ. ಗೊನೆಗಳಿಗೆ ಹಳೆ ಸೀರೆಯ ತುಂಡನ್ನೋ ತೆಳುವಾದ ಚೀಲವನ್ನೋ ಕೆಳಗೆ ಬಾಯಿ ತೆರೆದಿರುವಂತೆ ತೊಡಿಸಿ. ಚಳಿಯಲ್ಲಿ ಹೊಸ ಎಲೆ ಬರುವುದು ನಿಧಾನವಾಗಿ, ಗೊನೆ ದಿಂಡಿನ ಕುತ್ತಿಗೆಯಲ್ಲೇ ಸಿಕ್ಕಿಕೊಳ್ಳುವುದುಂಟು. ಇದಕ್ಕೆ ಆಮೇಲೆ ಮದ್ದಿಲ್ಲ. ಡಿಸೆಂಬರ್-ಜನವರಿಯಲ್ಲಿ ಗೊನೆ ಹಾಕದಂತೆ ನಾಟಿಯ ತಿಂಗಳನ್ನೇ ಬದಲಿಸಬೇಕು.

ಚಳಿ ಓಡಿಸಲೆಂದು ಹಿತ್ತಲಿನಲ್ಲಿ ಕಸಕ್ಕೆ ಬೆಂಕಿ ಹಾಕಿ ಹೊಗೆ ಎಬ್ಬಿಸುವುದನ್ನು ದಯವಿಟ್ಟು ಬಿಡಿ. ಹೊಗೆ ನೆಲದ ಕಾವನ್ನು ತಡೆದು ನಿಲ್ಲಿಸುವುದಿಲ್ಲ. ಪಕ್ಕದಲ್ಲೇ ಕಣಕಿ ಬಣವೆ, ತೊಗರಿ ಕಟ್ಟಿಗೆಯ ಒಟ್ಟಲು ಇರುವ ದಿನಗಳಲ್ಲಿ ಒಂದು ಕಿಡಿ ವರ್ಷದ ಮೇವನ್ನು ನುಂಗುತ್ತದೆ. ಹೊದಿಕೆಯೊಳಗೆ ವಿದ್ಯುತ್ ಬಲ್ಬು ಇಳಿಬಿಡುವುದೂ ಬೇಡ.

ಮುನ್ಸೂಚನೆಗೆ ಮೊಬೈಲಿನಲ್ಲಿ ಮೇಘದೂತ ಆ್ಯಪ್ ಇದೆ. ಕಲಬುರಗಿ ಮತ್ತು ಜೇವರ್ಗಿ ತಾಲ್ಲೂಕಿನ ರದ್ದೇವಾಡಗಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಮಾಡಿದರೂ ಕೆಲವು ಎಲೆ ಕಪ್ಪಾದಾವು. ಕೂಡಲೇ ಕತ್ತರಿಸಬೇಡಿ, ಯೂರಿಯಾ ಕೊಡಬೇಡಿ. ಸುಟ್ಟ ಎಲೆಯೇ ಕೆಳಗಿನ ಕಣ್ಣುಗಳಿಗೆ ಮರೆಯಾಗಿರುತ್ತದೆ, ಗೊಬ್ಬರಕ್ಕೆ ಹೊಡೆದ ಎಳೆ ಚಿಗುರು ಮುಂದಿನ ಥಂಡಿಗೆ ಮೊದಲು ಬಲಿಯಾಗುತ್ತದೆ. ಶಿವರಾತ್ರಿ ಹೊತ್ತಿಗೆ ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಒಣಗಿದ ತುದಿ ಮಾತ್ರ ಸವರಿ ಗೊಬ್ಬರ ಕೊಡಿ, ಗಿಡ ಚಿಗುರುತ್ತದೆ. ಹೊದಿಸಿದ ಬಟ್ಟೆಗಳನ್ನು ಒಗೆದು ಬಿಸಿಲಿನಲ್ಲಿ ಒಣಗಿಸಿ ಅದೇ ಚೀಲಕ್ಕೆ ಹಾಕಿಡಿ, ಜೀರ್ಣವಾದದ್ದನ್ನು ಅಂದೇ ತಿಪ್ಪೆಗೆ ಎಸೆಯಿರಿ. ಹತ್ತಿ ಸೀರೆ ಮತ್ತು ಸೆಣಬಿನ ಗೋಣಿ ಎರಡೂ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತವೆ.