ಸಾಲ ಚುಕ್ತಾ ಆದ ಮೇಲೂ ಉಳಿಯುವ ಗುರುತು: ಪಹಣಿ ಬೋಜಾ ಮತ್ತು ಸಿಬಿಲ್ ವರದಿ



ಈ ವಾರ ಗೊಬ್ಬರ, ಕೀಟದ ಮಾತಿಲ್ಲ, ಕಾಗದದ ಮಾತು. ಹನಿ ನೀರಾವರಿಗೋ, ಪಾಲಿಹೌಸಿಗೋ ಸಾಲ ಕೇಳಲು ಹೋದವರು ಬೇಸರದಿಂದ ಹೇಳುವ ಮಾತೊಂದಿದೆ: "ಹಳೇ ಸಾಲ ಕಟ್ಟಿ ವರ್ಷಗಳೇ ಆದವು, ಆದ್ರೂ ಸಿಬಿಲ್ ಸರಿಯಿಲ್ಲ ಅಂತಾರೆ." ಸಾಲ ತೀರಿಸುವುದು ಒಂದು ಕೆಲಸ, ಅದರ ಗುರುತು ಅಳಿಸುವುದು ಇನ್ನೊಂದು ಕೆಲಸ. ಎರಡನೆಯದು ತಾನಾಗಿಯೇ ಆಗುತ್ತೆ ಅಂತ ನಂಬಿ ಕೂರಬಾರದು.

ಒಂದೇ ಸಾಲ, ಮೂರು ಕಡೆ ದಾಖಲೆ

ಮೊದಲನೆಯದು ಬ್ಯಾಂಕಿನ ಲೆಡ್ಜರ್. ಹಣ ಕಟ್ಟಿದ ಕೂಡಲೇ ಬದಲಾಗುವುದು ಇದೊಂದೇ.

ಎರಡನೆಯದು ಜಮೀನಿನ ದಾಖಲೆ. ಪಹಣಿಯ 11ನೇ ಕಾಲಂನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು ಬರುತ್ತವೆ. ಬ್ಯಾಂಕಿನ ಬೋಜಾ ಕೂರುವುದು ಅಲ್ಲೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುವ ಋಣಭಾರ ಪತ್ರದಲ್ಲೂ, ಅಂದ್ರೆ ಇ.ಸಿ.ಯಲ್ಲೂ, ನೋಂದಾಯಿತ ಅಡಮಾನ ಕಾಣುತ್ತದೆ.

ಮೂರನೆಯದು ನಿಮ್ಮ ಹೆಸರಿನ ಕ್ರೆಡಿಟ್ ವರದಿ. ನಾವು ಎಲ್ಲಕ್ಕೂ ಸಿಬಿಲ್ ಅಂತೀವಿ, ಆದ್ರೆ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಇವಕ್ಕೆ ಮಾಹಿತಿ ಹೋಗುವುದು ಸಾಲ ಕೊಟ್ಟ ಸಂಸ್ಥೆಗಳಿಂದ. ನೀವು ಪಹಣಿಯಲ್ಲಿ ಬೋಜಾ ತೆಗೆಸಿದ್ರೂ ಈ ವರದಿ ಬದಲಾಗಲ್ಲ. ವರದಿ ಸರಿಯಾದ್ರೂ ಪಹಣಿ ಬದಲಾಗಲ್ಲ.

ಕೆಲವರು ಕೇಳ್ತಾರೆ, ಭೂಕಂದಾಯ ಬಾಕಿ ಇದ್ರೆ ಸಿಬಿಲ್ ಕೆಡುತ್ತಾ ಅಂತ. ಕಂದಾಯ ಬಾಕಿಗೆ ಜಮೀನೇ ಹೊಣೆ, ಸರ್ಕಾರ ವಸೂಲಿಗೆ ಇಳಿಯಬಹುದು. ಆದ್ರೆ ಅದು ಸಾಲವಲ್ಲ, ಹಾಗಾಗಿ ಕ್ರೆಡಿಟ್ ವರದಿಗೆ ಹೋಗುವ ಲೆಕ್ಕವಲ್ಲ. ಅದನ್ನು ಕಟ್ಟಿದ ಮಾತ್ರಕ್ಕೆ ಸ್ಕೋರ್ ಏರುವುದೂ ಇಲ್ಲ.

'ಕ್ಲೋಸ್ಡ್' ಬೇರೆ, 'ಸೆಟಲ್ಡ್' ಬೇರೆ

ನಮ್ಮ ಭಾಗದ ಅಡಿಕೆ ಬೆಳೆಗಾರರೊಬ್ಬರು ₹1,80,000 ಬಾಕಿಗೆ ಒಟಿಎಸ್‌ನಲ್ಲಿ ₹1,30,000 ಕಟ್ಟಿ ಸಾಲ ಮುಗಿಯಿತು ಅಂದುಕೊಂಡಿದ್ದರು. ಹೊಸ ಸಾಲದ ಅರ್ಜಿ ವಾಪಸ್ ಬಂದಾಗ ನಾವಿಬ್ಬರೂ ಕೂತು ವರದಿ ಓದಿದೆವು. ಖಾತೆಯ ಮುಂದೆ 'ಸೆಟಲ್ಡ್' ಅಂತಿತ್ತು. ಪೂರ್ತಿ ಕೊಡದೆ ರಾಜಿಯಲ್ಲಿ ಮುಗಿಸಿದ ಸಾಲ ಎಂದು ಇದರರ್ಥ. ಹೊಸ ಸಾಲ ಕೊಡುವವರು ಇದನ್ನು ಒಳ್ಳೆಯ ಗುರುತಾಗಿ ನೋಡಲ್ಲ. ಪೂರ್ತಿ ಕಟ್ಟಿದ ಸಾಲಕ್ಕೆ ಬರುವುದು 'ಕ್ಲೋಸ್ಡ್'.

ಅವರು ಬ್ಯಾಂಕಿಗೆ ಪತ್ರ ಕೊಟ್ಟು, ಉಳಿದ ₹50,000 ಕಟ್ಟಿದರೆ ಖಾತೆಯನ್ನು ಕ್ಲೋಸ್ಡ್ ಎಂದು ವರದಿ ಮಾಡುವುದಾಗಿ ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ಆಮೇಲೆ ಕಟ್ಟಿದರು. ಗುರುತು ಬದಲಾಯಿತು. ಆದ್ರೆ ಹಿಂದೆ ಸುಸ್ತಿಯಾದ ತಿಂಗಳುಗಳ ಚರಿತ್ರೆ ಹಾಗೇ ಉಳಿಯಿತು. ಕ್ರೆಡಿಟ್ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ನಿಜವಾಗಿ ನಡೆದ ಸುಸ್ತಿಯನ್ನು ಯಾರೂ ಅಳಿಸಲಾರರು. ದುಡ್ಡು ಕೊಟ್ರೆ ಸಿಬಿಲ್ ಕ್ಲಿಯರ್ ಮಾಡಿಸ್ತೀವಿ ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಟಿಎಸ್ ತಪ್ಪಲ್ಲ, ಕಷ್ಟದಲ್ಲಿ ಅದೇ ದಾರಿ. ಆದ್ರೆ ಉಳಿಯುವ ಹಣದ ಜೊತೆ ಮುಂದಿನ ಸಾಲದ ಬಾಗಿಲನ್ನೂ ಲೆಕ್ಕ ಹಾಕಿ ಸಹಿ ಮಾಡಿ.

ಕೆಸಿಸಿಯಲ್ಲಿ ಬಾಕಿ ಸೊನ್ನೆ ಆದ್ರೆ ಖಾತೆ ಮುಚ್ಚಿದಂತಲ್ಲ

ಕಿಸಾನ್ ಕ್ರೆಡಿಟ್ ಕಾರ್ಡ್ ಎಂದರೆ ಕಟ್ಟಿ ಮತ್ತೆ ತೆಗೆಯುವ ಮಿತಿ. ಪೂರ್ತಿ ಕಟ್ಟಿದರೂ ಮಿತಿ ಜೀವಂತವಾಗಿರುತ್ತೆ, ಬೋಜಾ ಕೂಡ. ಸಾಲ ಇನ್ನು ಬೇಡ ಎಂದರೆ ಖಾತೆ ಮುಚ್ಚಲು ಲಿಖಿತ ಅರ್ಜಿ ಕೊಡಲೇಬೇಕು.

ಸುಸ್ತಿಯ ಲೆಕ್ಕವೂ ತಿಳಿದಿರಲಿ. ಅಲ್ಪಾವಧಿ ಬೆಳೆ ಸಾಲ ಎರಡು ಬೆಳೆ ಹಂಗಾಮು ಬಾಕಿಯಾದರೆ ಎನ್‌ಪಿಎ. ವರ್ಷಕ್ಕಿಂತ ಹೆಚ್ಚು ಅವಧಿಯ ಬೆಳೆಗೆ ಒಂದೇ ಹಂಗಾಮು. ಸಾವಯವಕ್ಕೆ ಬದಲಾಗುತ್ತಿರುವವರು ಇಲ್ಲಿ ಎಚ್ಚರವಾಗಿರಬೇಕು. ಪ್ರಮಾಣೀಕರಣದ ಪರಿವರ್ತನಾ ಅವಧಿ ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕಕ್ಕೆ 3 ವರ್ಷ. ಇಳುವರಿ ಇಳಿಯಬಹುದಾದ, ಸಾವಯವದ ಬೆಲೆ ಇನ್ನೂ ಸಿಗದ ವರ್ಷಗಳಿವು. ಕಂತು ಶುರುವಾಗುವ ದಿನಾಂಕವನ್ನು ಸಾಲ ತೆಗೆಯುವಾಗಲೇ ಇದಕ್ಕೆ ಹೊಂದಿಸಿ ಕೇಳಿ.

ಸಾಲ ತೀರಿಸಿದ ಮೇಲೆ ಮಾಡಬೇಕಾದ್ದು

1. ಅದೇ ವಾರ ಬೇಬಾಕಿ ಪತ್ರ ಪಡೆಯಿರಿ. ಅದರಲ್ಲಿ ಖಾತೆ ಸಂಖ್ಯೆ, ಸರ್ವೆ ನಂಬರ್, ಸಾಲ ಪೂರ್ತಿ ತೀರಿದೆ ಎಂಬ ಸಾಲು ಇರಲಿ.

2. ಬೋಜಾ ಬಿಡುಗಡೆ ಆಗಬೇಕಾದ್ದು ಸಾಲ ಕೊಟ್ಟ ಬ್ಯಾಂಕಿನ ಕಡೆಯಿಂದ. ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಒಂದು ತಿಂಗಳ ನಂತರ ಹೊಸ ಪಹಣಿ, ಇ.ಸಿ. ತೆಗೆಸಿ ನೋಡಿ.

3. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತೆಗೆದು ನೋಡಿ. ನೀವು ಜಾಮೀನು ನಿಂತ ಸಾಲವೂ ಅಲ್ಲಿ ಕಾಣಬಹುದು.

4. ತೀರಿದ ಸಾಲ ಬಾಕಿ ಅಂತಿದ್ದರೆ ಬ್ಯಾಂಕಿಗೂ, ಆ ಕ್ರೆಡಿಟ್ ಕಂಪನಿಗೂ ಬೇಬಾಕಿ ಪತ್ರದ ಪ್ರತಿಯೊಂದಿಗೆ ದೂರು ಕೊಡಿ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ 30 ದಿನದಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ ₹100 ಪರಿಹಾರ ನಿಮಗೆ ಸಲ್ಲಬೇಕು. ಆಮೇಲೂ ಆಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು; ಸಹಾಯವಾಣಿ 14448. ಊರಿನ ಸಹಕಾರ ಸಂಘದ ಸಾಲವಾದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೆ ದೂರು ಕೊಡಿ.

ಇನ್ನೊಂದು ಮಾತು. ದಾಖಲೆ ವಾಪಸ್ ಕೊಡಲು 30 ದಿನ ಮೀರಿದ್ರೆ ದಿನಕ್ಕೆ ₹5,000 ಅನ್ನುವ ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ನಿಯಮ ನಿಜ, 2023ರ ಡಿಸೆಂಬರ್ 1ರಿಂದ ಇದೆ. ಆದ್ರೆ ಅದನ್ನು ಹೊರಡಿಸಿರುವುದು ಗೃಹಸಾಲದಂಥ ವೈಯಕ್ತಿಕ ಸಾಲಗಳಿಗೆ. ಬೆಳೆ ಸಾಲಕ್ಕೆ ಅದನ್ನೇ ಹಿಡಿದು ಜಗಳಕ್ಕೆ ಹೋಗಬೇಡಿ. ನಿಮ್ಮ ಬಲ ಇರುವುದು ಬೇಬಾಕಿ ಪತ್ರ ಮತ್ತು ಸ್ವೀಕೃತಿಯಲ್ಲಿ.

ಮಣ್ಣು ಪರೀಕ್ಷೆಯ ಚೀಟಿ ಇಡುವ ಫೈಲಿನಲ್ಲೇ ಇವೆರಡಕ್ಕೂ ಜಾಗ ಮಾಡಿ. ಮುಂಗಾರಿಗೆ ಸಾಲ ಬೇಕಿದ್ದರೆ ವರದಿಯನ್ನು ಈಗಲೇ ತೆಗೆಸಿ ನೋಡಿ. ತಿದ್ದುಪಡಿಗೆ ಒಂದು ತಿಂಗಳಾದರೂ ಹಿಡಿಯಬಹುದು, ಬಿತ್ತನೆ ಅಷ್ಟು ದಿನ ಕಾಯಲ್ಲ.